ಯಕೋಬನ ಬಾವಿ ಮತ್ತು ನಮ್ಮೂರ ಕೈಪಂಪು

ಮೂರು ವರ್ಷಕ್ಕೊಮ್ಮೆ, 'ಎ' ವರ್ಷದ ತಪಸ್ಸುಕಾಲದ ಮೂರನೇ ಭಾನುವಾರ, ಸಂತ ಯೊವಾನ್ನರ ಶುಭಸಂದೇಶದಿಂದ ಸಮಾರಿಯಾದ ಸ್ತ್ರೀಯ ಪ್ರಸಂಗವನ್ನು ನಾವು ಆಲಿಸುತ್ತೇವೆ. ನಮ್ಮ ಗಮನ ಸಹಜವಾಗಿಯೇ ಯೇಸುಸ್ವಾಮಿ ಮತ್ತು ಆ ಸ್ತ್ರೀಯ ಸಂಭಾಷಣೆಯ ಮೇಲಿರುತ್ತದೆ. ಆದರೆ ಅವರಿಬ್ಬರೂ ಭೇಟಿಯಾದ ಆ ಬಾವಿಯನ್ನೂ ಒಮ್ಮೆ ನೋಡೋಣ. ಅದು ಪಿತಾಮಹ ಯಕೋಬನದೆಂದು ಜನ ನಂಬಿದ್ದ ಬಾವಿ. ಎಷ್ಟೋ ತಲೆಮಾರುಗಳು ಕಳೆದ ಮೇಲೂ ಅದರಲ್ಲಿ ನೀರಿತ್ತು. ಅದು ಎಷ್ಟು ಆಳವಾಗಿದೆ, ನೀರು ಸೇದಲು ಏನು ಬೇಕು ಎಂಬುದು ದಿನವೂ ಕೊಡ ಹೊತ್ತು ಬರುವ ಆ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶದ ಅಭಿವೃದ್ಧಿ ಕಾರ್ಯದ ಒಂದು ಅಧ್ಯಾಯವನ್ನು ಓದೋಣ.

ಎರಡನೇ ಮಹಾಯುದ್ಧದ ನಂತರ ಬಡರಾಷ್ಟ್ರಗಳಿಗೆ ನೆರವು ನೀಡುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಧರ್ಮಸಭೆಯೂ ಹಿಂದುಳಿಯಲಿಲ್ಲ. 1958ರಲ್ಲಿ ಜರ್ಮನಿಯ ಧರ್ಮಾಧ್ಯಕ್ಷರು 'ಮಿಸೆರಿಯೋರ್' ಸಂಸ್ಥೆಯನ್ನು ಆರಂಭಿಸಿದರು. ಹಸಿದ ಜನಸಮೂಹವನ್ನು ಕಂಡು ಮರುಗಿದ ಯೇಸುವಿನ ಮಾತಿನಿಂದಲೇ ಆ ಹೆಸರು ಬಂದಿದೆ. 1962ರಲ್ಲಿ ಕಾರಿತಾಸ್ ಇಂಡಿಯಾ ಹುಟ್ಟಿತು. 1967ರಲ್ಲಿ ಪೋಪ್ ಆರನೇ ಪೌಲರು ಜನಾಂಗಗಳ ಪ್ರಗತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ಅಭಿವೃದ್ಧಿ ಎಂದರೆ ಕೇವಲ ಆರ್ಥಿಕ ಬೆಳವಣಿಗೆಯಲ್ಲ, ಅದು ಇಡೀ ಮಾನವನ ಏಳಿಗೆ ಎಂದು ಬೋಧಿಸಿದರು.

ಅದೇ ಸಮಯದಲ್ಲಿ, 1966-67ರಲ್ಲಿ, ಬಿಹಾರ ಮತ್ತು ಉತ್ತರ ಪ್ರದೇಶದಲ್ಲಿ ಭೀಕರ ಬರ ಬಂದಿತು. ತೆರೆದ ಬಾವಿಗಳು ಬತ್ತಿದವು. ಯುನಿಸೆಫ್ ಸಂಸ್ಥೆಯು ಗಟ್ಟಿ ಬಂಡೆಯನ್ನೂ ವೇಗವಾಗಿ ಕೊರೆಯುವ ಯಂತ್ರಗಳನ್ನು ತರಿಸಿಕೊಟ್ಟಿತು. ಮುಂದಿನ ವರ್ಷಗಳಲ್ಲಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಬೋರ್‌ವೆಲ್‌ಗಳು ಕೊರೆಯಲ್ಪಟ್ಟು, ಅವುಗಳ ಮೇಲೆ ಎರಕದ ಕಬ್ಬಿಣದ ಕೈಪಂಪುಗಳು ನಿಂತವು. ಎಷ್ಟು ಬೋರ್ ಕೊರೆದೆವು, ಎಷ್ಟು ಪಂಪು ಕೂರಿಸಿದೆವು ಎಂಬ ಲೆಕ್ಕ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು.

ಆದರೆ 1970ರ ದಶಕದ ಮಧ್ಯದಲ್ಲಿ ಪರಿಶೀಲಿಸಿದಾಗ ಕಂಡದ್ದೇನು? ನೋಡಿದ ಪಂಪುಗಳಲ್ಲಿ ಸುಮಾರು ಮುಕ್ಕಾಲು ಭಾಗ ಕೆಟ್ಟು ನಿಂತಿದ್ದವು! ಕಾರಣ ಸರಳ. ಅವು ಐರೋಪ್ಯ ಮತ್ತು ಅಮೆರಿಕನ್ ತೋಟದ ಮನೆಗಳಿಗಾಗಿ ರೂಪಿಸಿದ ಪಂಪುಗಳ ನಕಲು. ಒಂದು ಕುಟುಂಬ ದಿನಕ್ಕೆ ಕೆಲವು ಬಾರಿ ಒತ್ತಲೆಂದು ಮಾಡಿದ ಪಂಪನ್ನು ಇಲ್ಲಿ ಇಡೀ ಊರು ಬೆಳಗಿನಿಂದ ಸಂಜೆಯವರೆಗೆ ಒತ್ತುತ್ತಿತ್ತು. ಕೆಟ್ಟರೆ ಸರಿಪಡಿಸುವವರು ಊರಿನಲ್ಲಿರಲಿಲ್ಲ. ವರದಿಯಲ್ಲಿ ಪಂಪು ಇತ್ತು, ಕೊಡದಲ್ಲಿ ನೀರಿರಲಿಲ್ಲ.

ಇದಕ್ಕೆ ಪರಿಹಾರದ ದಾರಿ ತೋರಿದವರಲ್ಲಿ ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಮಿಷನ್‌ಗಳೂ ಇದ್ದವು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ ಅವರು ಹಳ್ಳಿಗಳಲ್ಲೇ ಓಡಾಡಿ, ಪಂಪು ಎಲ್ಲಿ ಮುರಿಯುತ್ತದೆ ಎಂದು ನೋಡಿ, ಉಕ್ಕಿನ ಗಟ್ಟಿ ಪಂಪುಗಳನ್ನು ರೂಪಿಸಿದ್ದರು. ಸೊಲ್ಲಾಪುರದ ಪಂಪನ್ನೇ ಆಧಾರವಾಗಿಟ್ಟುಕೊಂಡು ಯುನಿಸೆಫ್ ಮತ್ತು ಭಾರತದ ಇಂಜಿನಿಯರುಗಳು ಕೊಯಮತ್ತೂರಿನ ಬಳಿ ಪ್ರಯೋಗ ನಡೆಸಿ, ದಶಕದ ಕೊನೆಯ ಹೊತ್ತಿಗೆ 'ಇಂಡಿಯಾ ಮಾರ್ಕ್-2' ಪಂಪನ್ನು ಸಿದ್ಧಪಡಿಸಿದರು. ಇಂದಿಗೂ ಎಷ್ಟೋ ಶಾಲೆ, ದೇವಾಲಯಗಳ ಅಂಗಳದಲ್ಲಿ ನಾವು ಕಾಣುವುದು ಇದನ್ನೇ. ತಮಿಳುನಾಡಿನಲ್ಲಿ ಪಂಪನ್ನು ನೋಡಿಕೊಳ್ಳಲು ಊರಿನವರೊಬ್ಬರನ್ನೇ ನೇಮಿಸುವ ಪದ್ಧತಿ ಬಂದಿತು. 1990ರ ದಶಕದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಬಡ ಮಹಿಳೆಯರು ಸ್ಪ್ಯಾನರ್ ಹಿಡಿದು ಪಂಪು ರಿಪೇರಿ ಕಲಿತರು. ಪಂಪು ಕೆಟ್ಟರೆ ಮೈಲುಗಟ್ಟಲೆ ನಡೆಯಬೇಕಾದವರು ಅವರೇ ಅಲ್ಲವೇ?

ಯೋಜನೆ ಬರೆಯುವ ಕ್ರಮವೂ ಇದೇ ಕಾಲದಲ್ಲಿ ಬದಲಾಯಿತು. 1969ರಲ್ಲಿ ಅಮೆರಿಕದ ನೆರವು ಸಂಸ್ಥೆಗಾಗಿ ಒಂದು ಕೋಷ್ಟಕವನ್ನು ಸಿದ್ಧಪಡಿಸಲಾಯಿತು. 'ಲಾಗ್‌ಫ್ರೇಮ್' ಎಂಬ ಈ ಕೋಷ್ಟಕವನ್ನು ನಮ್ಮ ಸಮಾಜಸೇವಾ ಸಂಸ್ಥೆಗಳ ನಿರ್ದೇಶಕರೆಲ್ಲ ಬಲ್ಲರು. ನಾವು ಹಾಕುವ ಹಣ ಮತ್ತು ಶ್ರಮ, ಅದರಿಂದ ಸಿದ್ಧವಾಗುವ ವಸ್ತು, ಅದರಿಂದ ಜನರ ಬಾಳಿನಲ್ಲಾಗುವ ಬದಲಾವಣೆ, ಅದರಾಚೆಗಿನ ದೊಡ್ಡ ಗುರಿ: ಇವು ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಅಳತೆ ಯಾವುದು, ಸಾಕ್ಷ್ಯ ಎಲ್ಲಿದೆ, ನಾವು ಏನನ್ನು ನಂಬಿ ಹೊರಟಿದ್ದೇವೆ ಎಂದು ಬರೆಯಬೇಕು. ಬೋರ್‌ವೆಲ್ ಎರಡನೇ ಮೆಟ್ಟಿಲು ಮಾತ್ರ. ಮಗುವಿಗೆ ಭೇದಿಯಾಗದಿರುವುದು ಅದಕ್ಕಿಂತ ಮೇಲಿನದು. ಕೆಟ್ಟರೆ ಯಾರಾದರೂ ಸರಿಮಾಡುತ್ತಾರೆ ಎಂಬುದು ನಾವು ಬಾಯಿಬಿಟ್ಟು ಹೇಳದ ನಂಬಿಕೆ. ಆ ನಂಬಿಕೆ ಹುಸಿಯಾದ್ದರಿಂದಲೇ ಪಂಪುಗಳು ಸತ್ತವು.

ಆದರೆ ಅಳತೆಗೂ ಮಿತಿಯಿದೆ. ಬಾಂಗ್ಲಾದೇಶದ ಇತಿಹಾಸ ಇದಕ್ಕೆ ನೋವಿನ ಸಾಕ್ಷಿ. ಕೆರೆನೀರಿನಿಂದ ಮಕ್ಕಳಿಗೆ ತಗಲುತ್ತಿದ್ದ ರೋಗಗಳನ್ನು ತಡೆಯಲು ಅಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ತೋಡಲಾಯಿತು. ಲೆಕ್ಕದ ಪ್ರಕಾರ ಅದು ದೊಡ್ಡ ಯಶಸ್ಸು. ನೀರಿನಲ್ಲಿ ರೋಗಾಣುಗಳಿಲ್ಲ ಎಂದು ನೋಡಿದರು. ಆದರೆ ನೆಲದಾಳದ ಆರ್ಸೆನಿಕ್ ಎಂಬ ವಿಷವನ್ನು ಯಾರೂ ಪರೀಕ್ಷಿಸಲಿಲ್ಲ. 1993ರಲ್ಲಿ ಅದು ಬಾವಿಗಳಲ್ಲಿ ಪತ್ತೆಯಾಗುವ ಹೊತ್ತಿಗೆ ಕೋಟ್ಯಂತರ ಜನ ಆ ನೀರನ್ನೇ ಕುಡಿಯುತ್ತಿದ್ದರು. ನಾವು ಅಳೆಯದೇ ಬಿಟ್ಟದ್ದೂ ಜನರ ಮೈಯಲ್ಲಿ ಸೇರುತ್ತದೆ.

ದೀನರ ಸೇವೆಗೆ ಲೆಕ್ಕವೇಕೆ, ದೇವರು ಬಲ್ಲರು ಎಂದು ಕೆಲವರು ಹೇಳುವುದುಂಟು. ದೇವರು ಬಲ್ಲರು, ನಿಜ. ಆದರೆ ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುವೇ ಕಲಿಸಿದರು. ಬಡವಿಧವೆಯ ಎರಡು ಕಾಸುಗಳನ್ನು ಗಮನಿಸಿದವರೂ ಅವರೇ. ಅಂಥ ಕಾಸುಗಳಿಂದ ನಡೆಯುವ ಯೋಜನೆಗೆ ಲೆಕ್ಕ ಕೊಡದಿರುವುದು ವಿನಯವಲ್ಲ, ಅಸಡ್ಡೆ.

ಆದ್ದರಿಂದ ಈ ತಪಸ್ಸುಕಾಲದಲ್ಲಿ ನಮ್ಮ ಉಪವಾಸದ ಉಳಿತಾಯವನ್ನು ಅರ್ಪಿಸುವಾಗ ಪ್ರತಿಯೊಂದು ಧರ್ಮಕೇಂದ್ರವೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಹಿಂದೆ ನಾವು ಕೊಟ್ಟದ್ದು ಇಂದೂ ಕೆಲಸ ಮಾಡುತ್ತಿದೆಯೇ? ಕೆಟ್ಟರೆ ಸರಿಪಡಿಸುವವರು ಯಾರು? ಇದರಿಂದ ಯಾರಿಗಾದರೂ ಕೇಡಾಗಿದೆಯೇ? ಈ ಪ್ರಶ್ನೆಗಳನ್ನು ಕಚೇರಿಯಲ್ಲಿ ಕೇಳಿದರೆ ಸಾಲದು, ಕೊಡ ಹಿಡಿದವರ ಬಳಿ ಹೋಗಿ ಕೇಳಬೇಕು. ಪಂಪಿನ ಕಟ್ಟೆಯ ಮೇಲೆ ದಾನಿಗಳ ಹೆಸರನ್ನೂ ಉದ್ಘಾಟನೆಯ ದಿನಾಂಕವನ್ನೂ ಕೆತ್ತಿಸುತ್ತೇವೆ. ಪಂಪು ನಿಂತುಹೋದ ದಿನಾಂಕವನ್ನು ಯಾರೂ ಕೆತ್ತಿಸುವುದಿಲ್ಲ. ಅದು ಆ ಊರಿನ ಹೆಂಗಸರಿಗೆ ಮಾತ್ರ ನೆನಪಿರುತ್ತದೆ.

ಬಾವಿಯ ಬಳಿ ದಣಿದು ಕುಳಿತ ಯೇಸುಸ್ವಾಮಿ ಕೊಡುವುದಕ್ಕೆ ಮೊದಲು ಕೇಳಿದರು. ಒಬ್ಬ ಪರಜಾತಿಯ ಹೆಂಗಸಿನ ಮುಂದೆ ಕೈಚಾಚಿ, ಅವಳ ಮಾತನ್ನು ಆಲಿಸಿ, ಅನಂತರವೇ ಜೀವಜಲದ ವಿಷಯ ತೆಗೆದರು. ನೆರವು ನೀಡಹೊರಟ ನಮಗೂ ಅದೇ ಕ್ರಮವಿರಲಿ.