ಟ್ಯಾರೋ ಎಲಿ, ಕಾರ್ಣಿಕ ಮತ್ತ ನನ್ನ ನಾಲಿಗಿ

ಈ ಸಲ ಪಂಚಮಿಗೆ ನಮ್ಮ ಸೊಸಿ ಬೆಂಗಳೂರಿಂದ ಕೆಲಗೇರಿಗೆ ಬರೂವಾಗ ಒಂದು ಕಾರ್ಡಿನ ಕಟ್ಟು ತಂದಿದ್ಲು. ನಾನು ಇಸ್ಪೀಟ್ ಅಂತ ತಿಳಕೊಂಡು, "ಶ್ರಾವಣದಾಗ ಮನ್ಯಾಗ ಎಲಿ ಆಡೂದು ಬ್ಯಾಡವಾ" ಅಂದೆ. ಆಕಿ ನಕ್ಕು, "ಇದು ಟ್ಯಾರೋ ರೀ ಅತ್ತಿ. ದಿನಾ ಮುಂಜಾನೆ ಒಂದು ಎಲಿ ತಗದು, ಇವತ್ತ ಮನಸು ಹೆಂಗ ಇಟ್ಕೋಬೇಕು, ಹೆಂಗ ಮಾತಾಡಬೇಕು ಅಂತ ವಿಚಾರ ಮಾಡತೀನಿ" ಅಂದ್ಲು. ನನಗ ಜಾತ್ರ್ಯಾಗ ಗಿಳಿ ಎಲಿ ಎತ್ತಿ ಕೊಡೂದು ನೆನಪಾತು.

ನೀವೂ ಒಂದು ತಗೀರಿ ಅಂದ್ಲು. ತಗದೆ. ಬಿಳಿ ಅಂಗಿ ತೊಟ್ಟ ಹೆಣ್ಣಮಗಳೊಬ್ಬಾಕಿ ಸಿಂಹದ ಬಾಯಿಗೆ ಕೈ ಹಚ್ಚಿ ಮೆತ್ತಗ ಮುಚ್ಚಾಕತ್ತಿದ್ಲು. ಕೆಳಗ 'ಸ್ಟ್ರೆಂಗ್ತ್' ಅಂತ ಬರದಿತ್ತು. ನಾವಿಬ್ಬರೂ ಒಂದು ಗಳಿಗಿ ಸುಮ್ಮನಾದ್ವಿ. ಯಾಕಂತ ಆಮ್ಯಾಲೆ ಹೇಳತೀನಿ.

ಆಕಿ ಊರಿಗೆ ಹೋದ ಮ್ಯಾಲೆ ಈ ಎಲಿಗಳ ಹಿಂದಿನ ಸುದ್ದಿ ಓದಾಕ ಕುಂತೆ. ಕಲ್ತದ್ದು ಪಿಯುಸಿ ಆದ್ರೂ ಓದೂ ಹುಚ್ಚು ಬಿಟ್ಟಿಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಾಗ, ಇಟಲಿಯ ಉತ್ತರಕ್ಕ, ಮಿಲಾನ್, ಫೆರಾರಾ ಕಡಿ. ಆಗ ಅದು ಬರೇ ಆಟ. ದೊಡ್ಡ ಮನಿತನದವರು ಬಂಗಾರದ ರೇಕು ಹಚ್ಚಿಸಿ ಎಲಿ ಬರಿಸಿ ಆಡತಿದ್ರು. ಮುನ್ನೂರು ವರ್ಷ ದಾಟಿದ ಮ್ಯಾಲೆ, 1781ರಾಗ, ಪ್ಯಾರಿಸ್ಸಿನ ಕೂರ್ ದ ಜೆಬಲಾಂ ಅನ್ನೋ ಪಂಡಿತ, ಇದು ಹಳೇ ಈಜಿಪ್ಟಿನ ಪೂಜಾರಿಗಳ ಗುಪ್ತ ಪುಸ್ತಕ ಅಂತ ಬರದ. ಈಜಿಪ್ಟಿನ ಲಿಪಿ ಓದಾಕ ಆಗ ಯಾರಿಗೂ ಬರತಿರಲಿಲ್ಲ! ಶಾಂಪೋಲಿಯೋ ಅದನ್ನ ಬಿಡಿಸಿದ್ದು 1822ರಾಗ. ಆದ್ರೂ ಮಂದಿ ನಂಬಿದ್ರು, ಎಲಿ ಹಿಡದು ಭವಿಷ್ಯ ಹೇಳೂದು ಬೆಳೀತು. ಈಗ ಎಲ್ಲಾ ಕಡಿ ಸಿಗೂ 78 ಎಲಿಯ ಚಿತ್ರ 1909ರಾಗ ಲಂಡನ್ನಿನೊಳಗ ಬಂದ್ವು. ಆರ್ಥರ್ ವೇಟ್ ಹೇಳಿದ, ಪಮೇಲಾ ಕೋಲ್ಮನ್ ಸ್ಮಿತ್ ಬರದ್ಲು. ಕಟ್ಟಿಗೆ ಹೆಸರು ಬಿದ್ದದ್ದು ಮಾತ್ರ ಪ್ರಕಾಶಕ ರೈಡರಂದು, ವೇಟಂದು. ಹೆಣ್ಣಮಕ್ಕಳ ಕೆಲಸ ಎಲ್ಲಾ ಕಡಿ ಹಿಂಗ ನೋಡ್ರಿ.

ನಮ್ಮಲ್ಲೂ ಎಲಿ ಇದ್ವು, ಗಂಜೀಫಾ. ಪರ್ಶಿಯಾ ಕಡಿಯಿಂದ ಬಂದದ್ದು. ಬಾಬರ್ 1527ರಾಗ ಸಿಂಧದ ಷಾ ಹಸನ್‌ಗೆ ಗಂಜೀಫಾ ಕಳಿಸಿದ್ದು ಅವನ ಆತ್ಮಕಥಿಯೊಳಗ ಐತಿ. ನಮ್ಮ ನಾಡಿಗೆ ಬಂದು ಅದು ದಶಾವತಾರ ಆತು. ಹತ್ತು ಅವತಾರ, ಒಂದೊಂದಕ್ಕ 12 ಎಲಿ, ಒಟ್ಟು 120. ಹಗಲ ಆಡಿದ್ರ ರಾಮನ ಎಲಿ ಮುಂದ, ರಾತ್ರಿ ಆಡಿದ್ರ ಕೃಷ್ಣನ ಎಲಿ ಮುಂದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಾಗ ಇಂಥಾ ಆಟ ಬರಿಸ್ಯಾರ. ಅದರಾಗ 360 ಎಲಿಯ ಆಟನೂ ಐತಿ. ಸಾವಂತವಾಡಿಯೊಳಗ ಇವತ್ತಿಗೂ ಕೈಲೆ ಎಲಿ ಬರೀತಾರ. ಆಟದ ನೆವದಿಂದ ಬಾಯಾಗ ದೇವರ ಹೆಸರು ಬರತಿತ್ತು. ಎಲಿ ಹಾಕೂ ಕೈಗೂ ನಾಲಿಗಿಗೂ ಅಲ್ಲೇ ನಂಟು ಬಿದ್ದಿತ್ತು.

ಸೊಸಿ ಹತ್ರ ಇನ್ನೊಂದು ಕಟ್ಟು ಇತ್ತು, ಒರಾಕಲ್ ಕಾರ್ಡ್. ಅದಕ್ಕ 78ರ ಲೆಕ್ಕ ಇಲ್ಲ, ಒಂದೊಂದು ಎಲಿಗೆ ಒಂದೊಂದು ಮಾತು. "ಒರಾಕಲ್ ಅಂದ್ರ ಏನವಾ?" ಅಂತ ಕೇಳಿದ್ದಕ್ಕ, "ದೇವರ ವಾಣಿ ರೀ" ಅಂದಿದ್ಲು. "ಹಂಗಾದ್ರ ಕಾರ್ಣಿಕ ಅನ್ನು" ಅಂದಿದ್ದೆ.

ಹೂವಿನಹಡಗಲಿ ತಾಲೂಕಿನ ಮೈಲಾರದಾಗ ಭಾರತ ಹುಣ್ಣಿಮಿ ಜಾತ್ರಿಗೆ ಕಾರ್ಣಿಕ ಆಗತೈತಿ. ದೇವರಗುಡ್ಡದಾಗ ದಸರಾಕ್ಕ. ದೇವರಗುಡ್ಡ ಮೊದಲ ನಮ್ಮ ಧಾರವಾಡ ಜಿಲ್ಲಾದಾಗ ಇತ್ತು, 1997ರಾಗ ಹಾವೇರಿ ಜಿಲ್ಲಾಕ್ಕ ಹೋತು. ಸಣ್ಣಾಕಿದ್ದಾಗ ಅಪ್ಪನ ಹೆಗಲ ಮ್ಯಾಲೆ ಕುಂತು ಅಲ್ಲಿ ನೋಡೀನಿ. ಉಪವಾಸ ವ್ರತ ಹಿಡದ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಅಂತಾನ. ಅಷ್ಟು ಮಂದಿ ಒಮ್ಮೆಲೇ ಗಪ್ಪ. ಆಮ್ಯಾಲೆ ಒಂದೇ ಮಾತು. ಮಳಿ, ಬೆಳಿ, ರಾಜಕಾರಣ ಅಂತ ಮಂದಿ ಅದಕ್ಕ ವರ್ಷಗಟ್ಟಲೆ ಅರ್ಥ ಹಚ್ಚತಾರ. ಆ ವರ್ಷ ಏನು ನುಡಿದ ಅನ್ನೂದು ನನಗ ನೆನಪಿಲ್ಲ. ಆ ಗಪ್ಪ ಆದ ಗಳಿಗಿ ಮಾತ್ರ ಇನ್ನೂ ಕಿವ್ಯಾಗ ಐತಿ.

ಈಗ ನನ್ನ ಸುದ್ದಿ. ಇದನ್ನ ಸೊಸಿನ್ನ ಕೇಳೇ ಬರೀತೀನಿ. ಹೋದ ವರ್ಷ ಆಕಿಗೆ ಮೂರು ತಿಂಗಳ ಬಸರು ನಿಲ್ಲಲಿಲ್ಲ. ಮಾತಾಡಸಾಕ ಬಂದ ಬೀಗರ ಮುಂದ ನಾನು, "ರಾತ್ರಿ ಹನ್ನೆರಡರ ತನಕ ಲ್ಯಾಪ್‌ಟಾಪ್ ಮುಂದ ಕುಂತ್ರ ಕೂಸು ಹೆಂಗ ನಿಂತೀತು?" ಅಂದುಬಿಟ್ಟೆ. ಆಕಿದೇನೂ ತಪ್ಪಿಲ್ಲ ಅಂತ ಡಾಕ್ಟರು ಹೇಳಿದ್ದು ನನಗ ಗೊತ್ತಿತ್ತು, ಗೊತ್ತಿದ್ದೂ ಅಂದೆ. ಆಕಿ ಏನೂ ತಿರುಗಿ ಮಾತಾಡಲಿಲ್ಲ. ಅಲ್ಲಿಂದ ಫೋನಿನಾಗ "ಆರಾಮ ಇದ್ದೀರೇನ್ರಿ" ಅಷ್ಟ. ಮನಿಗೆ ಬಂದದ್ದು ಈ ಪಂಚಮಿಗೇ.

ಸಿಂಹದ ಎಲಿ ಬಂದಾಗ ನಾನು, "ಅವತ್ತ ಈ ಬಾಯಿ ಮುಚ್ಚಬೇಕಾಗಿತ್ತವಾ" ಅಂದೆ. ಆಕಿ ಎಲಿ ಕೈಯಾಗ ಹಿಡಕೊಂಡು ಬಹಳ ಹೊತ್ತು ಕುಂತ್ಲು. "ಹೌದ್ರಿ ಅತ್ತಿ" ಅಂದ್ಲು. "ಇರಲಿ ಬಿಡ್ರಿ" ಅನ್ನಲಿಲ್ಲ. ಅನ್ನದೇ ಇದ್ದದ್ದೇ ಚಲೋ ಆತು.

ಎಲಿಗೆ ನಾಳೀದು ಗೊತ್ತಿರೂದಿಲ್ಲ. ಆಟದ ಎಲಿಗೆ ಅರ್ಥ ಕಟ್ಟಿದವರು ನಾವೇ. ಆದ್ರ ಅದನ್ನ ನೋಡೂ ತನಕ ಬಾಯಿ ಸುಮ್ಮನಿರತೈತಿ, ಅಷ್ಟರಾಗ ಮನಸು ಒಂದೀಟು ಹಿಂದ ತಿರುಗಿ ನೋಡತೈತಿ. ಅದಕ್ಕ ಉಳದ ಲಗ್ನಪತ್ರಿಕಿ ಕತ್ತರಿಸಿ ನಾನೂ ಹದಿನೈದು ಎಲಿ ಮಾಡಕೊಂಡೀನಿ. "ನಿನ್ನೆ ಯಾರ ಮಾತು ನಡುವ ಕಡದಿ?" "ಮುಂದ ಇಲ್ಲದವರ ಬಗ್ಗೆ ಏನಂದಿ?" "ಕೇಳಲಾರದ ಬುದ್ಧಿ ಯಾರಿಗೆ ಹೇಳಿದಿ?" ಹಿಂಗ ಬರದೀನಿ. ಒಂದರ ಮ್ಯಾಲೆ "ಸದ್ದಲೇ" ಅಂತಷ್ಟ. ಮುಂಜಾನೆ ಒಂದು ತಗದು ನೋಡಿ ಕೆರಿ ದಂಡಿಗೆ ಅಡ್ಡಾಡಾಕ ಹೋಗತೀನಿ. ಸಂಗಾಟ ಬರೂ ಗೆಳತ್ಯಾರು, "ಏನ್ರೀ, ಇತ್ತೀಚಿಗೆ ಮಾತು ಕಡಿಮಿ ಆಗ್ಯಾವಲ್ಲಾ?" ಅಂತಾರ.

ನಿನ್ನೆ ಸೊಸಿ ತಾನೇ ಫೋನು ಮಾಡಿ, "ಅತ್ತಿ, ಇವತ್ತ ಯಾವ ಎಲಿ ಬಂತು?" ಅಂದ್ಲು.

"ಸದ್ದಲೇ ಬಂದೈತಿ."

"ಹಂಗಾದ್ರ ನಾನು ಮಾತಾಡತೀನಿ, ನೀವು ಕೇಳ್ರಿ" ಅಂದ್ಲು.

ಇಪ್ಪತ್ತು ನಿಮಿಷ ಕೇಳಿದೆ.