ಬೈಫ್ಲೋರೈಡ್ ಅಯಾನಿನ ಅವಕೆಂಪು ರೋಹಿತ: ಒಂದು ತಿದ್ದುಪಡಿಯ ಇತಿಹಾಸ

ಎರಡು ಫ್ಲೋರಿನ್ ಪರಮಾಣುಗಳು ಒಂದೇ ಹೈಡ್ರೋಜನನ್ನು ಹಂಚಿಕೊಂಡಿರುವ ಬೈಫ್ಲೋರೈಡ್ ಋಣ ಅಯಾನು ಪ್ರಬಲ ಹೈಡ್ರೋಜನ್ ಬಂಧದ ಮಾದರಿಯೆನಿಸಿದೆ. ಪ್ರೋಟಾನು ನಟ್ಟನಡುವೆ ಇದೆಯೋ, ಒಂದು ಬದಿಗೆ ವಾಲಿದೆಯೋ? ಪೊಟ್ಯಾಸಿಯಂ ಲವಣದ ಹರಳನ್ನು ಕುರಿತು 1949ರಲ್ಲಿ ವೆಸ್ಟ್ರಮ್ ಮತ್ತು ಪಿಟ್ಜರ್ ಉಷ್ಣಮಾಪನದಿಂದಲೂ, 1952ರಲ್ಲಿ ಪೀಟರ್‌ಸನ್ ಮತ್ತು ಲೆವಿ ನ್ಯೂಟ್ರಾನ್ ವಿವರ್ತನೆಯಿಂದಲೂ ಮಧ್ಯಸ್ಥಾನವನ್ನೇ ಸಮರ್ಥಿಸಿದರು. ಆದರೆ ಹರಳಿನಲ್ಲಿ ನೆರೆಯ ಅಯಾನುಗಳ ಪ್ರಭಾವವಿರುತ್ತದೆ. ಒಂಟಿ ಅಯಾನಿನ ರಚನೆಯನ್ನು ಅನಿಲಸ್ಥಿತಿಯಲ್ಲಿಯೇ ಅರಿಯಬೇಕು.

ಜಪಾನಿನ ಒಕಾಜಾಕಿಯ ಅಣುವಿಜ್ಞಾನ ಸಂಸ್ಥೆಯ ಕಾವಾಗುಚಿ ಮತ್ತು ಹಿರೋಟಾ ವಿದ್ಯುತ್ ವಿಸರ್ಜನೆಯಲ್ಲಿ ಈ ಅಯಾನನ್ನು ಪಡೆದು ಡಯೋಡ್ ಲೇಸರಿನಿಂದ ಪರೀಕ್ಷಿಸಿದರು. ಪ್ರತಿ ಸೆಂಟಿಮೀಟರಿಗೆ 1848 ಅಲೆಗಳ ಬಳಿ ಕಂಡ ಪಟ್ಟಿಯನ್ನು 1986ರಲ್ಲಿ ಅಸಮಮಿತ ಕಂಪನವೆಂದು ಗುರುತಿಸಿದರು. ಗೆರೆಗಳ ತೀವ್ರತೆ ಒಂದು ಬಿಟ್ಟು ಒಂದರಂತೆ 3:1ರ ಪ್ರಮಾಣದಲ್ಲಿ ಏರಿಳಿಯುವುದು ಎರಡು ಫ್ಲೋರಿನ್ ಬೀಜಗಳೂ ಸಮಾನವೆಂಬುದರ ಕುರುಹು.

1987ರಲ್ಲಿ 1331ರ ಬಳಿ ನಿಜವಾದ ಅಸಮಮಿತ ಕಂಪನವೇ ದೊರೆಯಿತು. ಹಿಂದಿನ ಪಟ್ಟಿ ಸಮಮಿತ, ಅಸಮಮಿತ ಕಂಪನಗಳೆರಡೂ ಕೂಡಿದ ಸಂಯುಕ್ತ ಪಟ್ಟಿಯೆಂದು ಅದೇ ವಿದ್ವಾಂಸರು ತಿದ್ದಿದರು. ಇದು ಅಲ್ಪ ವ್ಯತ್ಯಾಸವಲ್ಲ. ಬಂಧದ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾದುದರಿಂದ, ಸರಳ ಲೆಕ್ಕದಲ್ಲಿ ಪ್ರೋಟಾನಿನ ಮೇಲಿನ ಹಿಡಿತ ಮೊದಲು ಭಾವಿಸಿದುದರ ಅರ್ಧದಷ್ಟಾಯಿತು. (1986ರ ಪ್ರಬಂಧವೊಂದನ್ನೇ ಉದ್ಧರಿಸುವವರು ಇದನ್ನು ಗಮನಿಸಬೇಕು.) ಸಮಮಿತಿಯ ತೀರ್ಮಾನ ಮಾತ್ರ ಅಲುಗಲಿಲ್ಲ, ಅದು ಗೆರೆಗಳ ತೀವ್ರತೆಯನ್ನು ಆಧರಿಸಿತ್ತೇ ಹೊರತು ಕಂಪನಕ್ಕಿಟ್ಟ ಹೆಸರನ್ನಲ್ಲ. ಫ್ಲೋರಿನ್‌ಗಳ ನಡುವಣ ಸಮತೋಲ ದೂರ 2.278 ಆಂಗ್‌ಸ್ಟ್ರಾಮ್ ಎಂದು ನಿರ್ಧಾರವಾಯಿತು. ಪ್ರೋಟಾನು ಅದರ ಸರಿಮಧ್ಯದಲ್ಲಿದೆ.