ಭಕ್ಷೀಸು ಮತ್ತು ಪಂಕ್ತಿ

ಪರದೇಶಕ್ಕೆ ಹೊರಟವರು ತಪ್ಪದೆ ಕೇಳುವ ಪ್ರಶ್ನೆ, ಹೋಟೆಲಿನ ಮಾಣಿಗೆ ಭಕ್ಷೀಸು ಎಷ್ಟು ಕೊಡಬೇಕೆಂಬುದು. ಜಪಾನಿನಲ್ಲಿ ಕೊಡುವ ವಾಡಿಕೆಯೇ ಇಲ್ಲ. ಅಮೆರಿಕದಲ್ಲಿ ಕೊಡದಿರುವುದೇ ಅಪಚಾರ. ಭಕ್ಷೀಸು ಪಡೆಯುವ ನೌಕರನಿಗೆ ಮಾಲೀಕನು ತಾನಾಗಿ ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಲ್ಲಿಯ ಕೇಂದ್ರ ಕಾನೂನು 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಲ್ಲಿಸಿದೆ. ಮಿಕ್ಕದ್ದು ಉಂಡವರ ಕೈಯಿಂದ ಬರಬೇಕೆಂಬುದು ಎಣಿಕೆ.

ಶಬ್ದ ಪಾರಸಿಯದು. ಅದರ ಮೂಲ ಧಾತುವಿಗೆ ಕೊಡು ಎಂಬ ಅರ್ಥವೂ ಉಂಟು, ಕ್ಷಮಿಸು ಎಂಬ ಅರ್ಥವೂ ಉಂಟು. ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿಗಳ ಮನೆಮಾತಿನಲ್ಲಿಯೂ ಇದೇ ಶಬ್ದವಿದೆ. ಅವರು 'ಬೊಕ್ಶಿಶ್' ಎನ್ನುತ್ತಾರೆ. ನಮ್ಮ ಸೀಮೆಯ ರೈತನಾದರೋ ಮೂಟೆ ಇಳಿಸಿದ ಹಮಾಲನಿಗೆ ಕೂಲಿಯ ಮೇಲೆ ನಾಲ್ಕು ಕಾಸು ಕೊಟ್ಟು 'ಚಾ ಕುಡಿಯಾಕ ಇಟ್ಕೋ' ಎನ್ನುತ್ತಾನೆ. ರಷ್ಯನರೂ 'ಚಹಾಕ್ಕೆ' ಎಂದೇ ಕೊಡುತ್ತಾರೆ. ಜರ್ಮನರ ಶಬ್ದಕ್ಕೆ 'ಕುಡಿಯುವ ಹಣ' ಎಂದರ್ಥ. ಎಲ್ಲೆಡೆಯೂ ಹಣಕ್ಕೆ ಊಟೋಪಚಾರದ ಹೆಸರೇ ಏಕೆ? ಜೊತೆಗೆ ಕುಳಿತು ಕುಡಿಯಲೊಲ್ಲದವನು ಆ ಬಟ್ಟಲಿನ ಬೆಲೆಯನ್ನು ಕೈಗಿಡುತ್ತಾನೆ ಎಂದು ನನಗೆ ತೋರುತ್ತದೆ.

ಈ ಊಹೆಗೆ ಆಧಾರ ದೂರದಲ್ಲಿಲ್ಲ. ಸಿಂಧನೂರು, ಮುದಗಲ್ಲುಗಳಿರುವ ಈ ದೋಆಬಿಗಾಗಿ ಬಹಮನಿಗಳೊಡನೆ ಕಾದಾಡುತ್ತಿದ್ದ ವಿಜಯನಗರಕ್ಕೆ 1443ರಲ್ಲಿ ಅಬ್ದುರ್ ರಜಾಕ್ ಬಂದನು. ಇವನು ಹೆರಾತಿನ ದೊರೆ ಶಾರೂಖನ ರಾಯಭಾರಿ. ಇಮ್ಮಡಿ ದೇವರಾಯನು ಮೊದಲ ಭೇಟಿಯಲ್ಲಿ ವೀಳ್ಯ, ಇಪ್ಪತ್ತು ಮಿಸ್ಕಾಲಿನಷ್ಟು ಕರ್ಪೂರ, ಐನೂರು ಹಣಗಳ ಚೀಲ ಕೊಡಿಸಿದನು. ಆಮೇಲೊಂದು ದಿನ ಅರಸನು ಆಡಿದ ಮಾತನ್ನು ರಜಾಕನೇ ಬರೆದಿಟ್ಟಿದ್ದಾನೆ: ನಿಮ್ಮ ದೊರೆಗಳು ರಾಯಭಾರಿಯನ್ನು ತಮ್ಮ ಪಂಕ್ತಿಗೆ ಕರೆಯುತ್ತಾರೆ, ನಾವೂ ನೀವೂ ಕೂಡಿ ಉಣ್ಣುವಂತಿಲ್ಲವಾದುದರಿಂದ ಈ ಹೊನ್ನಿನ ಚೀಲವೇ ನಾವು ನೀಡುವ ಔತಣವೆಂದು ತಿಳಿಯಬೇಕು. ಇಷ್ಟು ನಿಚ್ಚಳವಾಗಿ ಇದನ್ನು ಒಪ್ಪಿಕೊಂಡ ಇನ್ನೊಬ್ಬ ದಾನಿಯನ್ನು ನಾನು ಕಂಡಿಲ್ಲ.

ಬಿಡಾರಕ್ಕೆ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ ಬರುತ್ತಿದ್ದವು. ಅಂದು ಕೊಡುವವನು ಆತಿಥೇಯ, ಪಡೆಯುವವನು ಪ್ರವಾಸಿ. ಇಂದು ದಿಕ್ಕು ತಿರುಗಿದೆ. ಆದರೆ ಮಾನವನ್ನು ಹಣದಲ್ಲಿ ತೂಗುವುದು ತಪ್ಪಿಲ್ಲ. ದಂಡನಾಯಕನು ಕಲಬುರಗಿಯ ದಂಡಯಾತ್ರೆಗೆ ಹೋದಾಗ ಅವನ ಸ್ಥಾನದಲ್ಲಿ ಕುಳಿತ ಅಧಿಕಾರಿ ಈ ಪಡಿಯನ್ನು ನಿಲ್ಲಿಸಿಬಿಟ್ಟನು. ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಹೋರ್ಮುಜಿನವರು ಸುದ್ದಿ ಹಬ್ಬಿಸಿದ್ದರು. ಹಿಂದಿರುಗಿದ ದಂಡನಾಯಕನು ಆ ಅಧಿಕಾರಿಯನ್ನು ಗದರಿ, ಅಂದೇ ಟಂಕಸಾಲೆಯ ಮೇಲೆ ಏಳು ಸಾವಿರ ವರಹಗಳ ಅಪ್ಪಣೆ ಬರೆದುಕೊಟ್ಟನು. ರಜಾಕನು ದಂಡನಾಯಕನನ್ನು ಹೊಗಳುವುದನ್ನೂ ಆ ಇನ್ನೊಬ್ಬನನ್ನು ಜರೆಯುವುದನ್ನೂ ಓದುವಾಗ ಈ ಲೆಕ್ಕ ನೆನಪಿನಲ್ಲಿರಬೇಕು.

ಬೀಳ್ಕೊಡುವಾಗ ದೇವರಾಯನು, ಆ ಅನುಮಾನದ ಮಾತು ಬಾರದಿದ್ದರೆ ಇನ್ನೂ ಹೆಚ್ಚಾಗಿ ಮನ್ನಿಸುತ್ತಿದ್ದೆವು, ಮತ್ತೊಮ್ಮೆ ಬಂದರೆ ತಕ್ಕ ಗೌರವ ನಡೆಯುವುದು ಎಂದನಂತೆ. ರಜಾಕ್ ಮತ್ತೆ ಬರಲಿಲ್ಲ.